ಆರೋಗ್ಯ ವಿಚಾರ: ಸಿಸ್ಟಿಕ್ ಫೈಬ್ರೋಸಿಸ್ ಉಳ್ಳವರಿಗೆ ವ್ಯಾಯಾಮ

ಮನೆಯಲ್ಲೊಬ್ಬರಿಗೆ ದೀರ್ಘಕಾಲದ ಕಾಯಿಲೆಯಿದ್ದರೆ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು, "ಆಯಾಸ ಮಾಡಿಕೊಳ್ಳಬೇಡಪ್ಪ, ಸುಮ್ಮನೆ ಮಲಗಿರು" ಎಂಬುದು. ಇದು ವಾತ್ಸಲ್ಯದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯಲ್ಲಿ ಈ ವಾತ್ಸಲ್ಯವೇ ಹಾನಿಗೆ ಕಾರಣವಾದೀತೆಂದು ವಾಚಕರಲ್ಲಿ ಅರಿಕೆಮಾಡಬಯಸುತ್ತೇವೆ.

ಇದು ಅಂಟುರೋಗವಲ್ಲ, ಹುಟ್ಟಿನೊಡನೆ ಬರತಕ್ಕದ್ದು. ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತವಾದ ವಂಶವಾಹಿಯು ಮಗುವಿಗೆ ಬಂದರೆ ಮಾತ್ರ ತಲೆದೋರುವುದು. ಶ್ವಾಸಕೋಶದಲ್ಲಿ ಕಫವು ಅಂಟಂಟಾಗಿ ನಿಂತು, ಅದರಲ್ಲಿ ರೋಗಾಣುಗಳು ನೆಲೆಸುವುವು. ಆಹಾರವು ಸರಿಯಾಗಿ ಜೀರ್ಣವಾಗದು. ಬೆವರಿನಲ್ಲಿ ಉಪ್ಪು ಅತಿಯಾಗಿ ಹೋಗುವುದು. 1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊತಿ ಆಂಡರ್ಸನ್ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದಾಗ, ಇದುಳ್ಳ ಕೂಸುಗಳು ಬಾಲ್ಯವನ್ನು ದಾಟುವುದೇ ಅಪರೂಪವಾಗಿತ್ತು. ಈಗ ಔಷಧೋಪಚಾರಗಳ ಬಲದಿಂದ ಅನೇಕರು ಪ್ರಾಯಕ್ಕೆ ಬಂದು ಉದ್ಯೋಗವನ್ನೂ ಸಂಸಾರವನ್ನೂ ನಡೆಸುತ್ತಿರುವರು. ಪಶ್ಚಿಮದೇಶಗಳಲ್ಲಿ ಹೆಚ್ಚಾಗಿ ಕಾಣುವುದಾದರೂ ನಮ್ಮ ದೇಶದಲ್ಲಿಯೂ ಇದು ಇಲ್ಲದಿಲ್ಲ.

ಇಂಥವರು ವ್ಯಾಯಾಮ ಮಾಡಬಹುದೆ? ಮಾಡಬೇಕೆಂಬುದೇ ವೈದ್ಯರ ಮತ. ಅಮೆರಿಕದಲ್ಲಿ 109 ರೋಗಿಗಳ ದೇಹದಾರ್ಢ್ಯವನ್ನು ಅಳೆದು, 8 ವರ್ಷಗಳವರೆಗೆ ಅವರ ಸ್ಥಿತಿಯನ್ನು ಗಮನಿಸಿದ ಪರಿಶೀಲನೆಯೊಂದು 1992ರಲ್ಲಿ ಪ್ರಕಟವಾಯಿತು. ಹೆಚ್ಚು ದಾರ್ಢ್ಯವುಳ್ಳವರಲ್ಲಿ ನೂರಕ್ಕೆ 83 ಮಂದಿ ಬದುಕಿದ್ದರು. ತೀರ ಕಡಮೆಯಿದ್ದವರಲ್ಲಿ ನೂರಕ್ಕೆ 28 ಮಂದಿ ಮಾತ್ರ. ವ್ಯಾಯಾಮವೊಂದೇ ಆಯುಸ್ಸನ್ನು ಬೆಳೆಸಿತೆಂದು ಇದರಿಂದ ಸಿದ್ಧವಾಗದು. ಆದರೂ ಮೈಯ ಕಸುವನ್ನು ಕುಂದಗೊಡಬಾರದೆಂಬ ಎಚ್ಚರಿಕೆ ಇದರಲ್ಲಿದೆ.

ಬಿರುಸಾಗಿ ನಡೆದಾಗ ಉಸಿರು ಆಳವಾಗಿ, ಕಫವು ಸಡಿಲಗೊಂಡು ಕೆಮ್ಮಿನೊಡನೆ ಹೊರಬೀಳುವುದು. ಈ ಕೆಮ್ಮನ್ನು ಕೇಳಿ ಮನೆಯವರು ಗಾಬರಿಗೊಳ್ಳಬಾರದು. ಇದು ಬೇಕಾದ ಕೆಮ್ಮು. ನಡಿಗೆ, ಸೈಕಲ್ ಸವಾರಿ ಮೊದಲಾದವುಗಳ ಜೊತೆಗೆ ಮಿತವಾಗಿ ಭಾರವೆತ್ತುವುದರಿಂದ ಸ್ನಾಯುಗಳಿಗೂ ಮೂಳೆಗಳಿಗೂ ಬಲವುಂಟಾಗುವುದು.

ಆದರೆ ಕೆಲವು ನಿಯಮಗಳನ್ನು ಮರೆಯಕೂಡದು. ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಕೆಲವೇ ನಿಮಿಷಗಳಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ವ್ಯಾಯಾಮವಾಯಿತೆಂದು, ಕಫವನ್ನು ತೆಗೆಯುವ ನಿತ್ಯದ ಉಪಚಾರವನ್ನು ತಾವಾಗಿಯೇ ಬಿಡಬಾರದು. ಬಾಯಾರುವವರೆಗೆ ಕಾಯದೆ ನೀರು ಕುಡಿಯಬೇಕು. ಬೆವರಿನಲ್ಲಿ ಹೋದ ಉಪ್ಪನ್ನೂ ತುಂಬಿಕೊಳ್ಳಬೇಕು. ಉಪ್ಪು ಬೆರೆಸಿದ ಮಜ್ಜಿಗೆಯು ನಮ್ಮ ಮನೆಗಳಲ್ಲಿ ಸುಲಭವಾಗಿ ದೊರೆಯತಕ್ಕದ್ದಷ್ಟೆ. ಈ ಕಾಯಿಲೆಯ ಜೊತೆಗೆ ಸಕ್ಕರೆ ಕಾಯಿಲೆಯೂ ಸೇರುವುದುಂಟು. ಅಂಥವರು ರಕ್ತದ ಸಕ್ಕರೆಯನ್ನು ನೋಡಿಕೊಂಡು ಹೊರಡಬೇಕು. ಜ್ವರ ಬಂದರೆ, ಎದೆ ನೊಂದರೆ, ಕಫದಲ್ಲಿ ರಕ್ತ ಕಂಡರೆ ಕೂಡಲೆ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಇದೇ ಕಾಯಿಲೆಯುಳ್ಳ ಇಬ್ಬರು ಹತ್ತಿರ ನಿಂತು ವ್ಯಾಯಾಮ ಮಾಡಬಾರದು. ಒಬ್ಬರ ಶ್ವಾಸಕೋಶದ ರೋಗಾಣುಗಳು ಮತ್ತೊಬ್ಬರಿಗೆ ಅಪಾಯಕರವಾಗಬಹುದು.

ಇಷ್ಟೆಲ್ಲವನ್ನೂ ದಿನದಿನವೂ ಒಬ್ಬರೇ ನಡೆಸಿಕೊಂಡು ಬರುವುದು ಸುಲಭವಲ್ಲ. ಬೇಸರ ಬರುವುದು ಸಹಜ. ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: "ಮಲಗಿರು" ಎನ್ನುವುದಕ್ಕೆ ಬದಲಾಗಿ, "ನಡೆ, ನಾನೂ ಬರುತ್ತೇನೆ" ಎಂದು ಚಪ್ಪಲಿ ಮೆಟ್ಟಿ ಹೊರಡಿರಿ. ಅದೂ ವಾತ್ಸಲ್ಯವೇ.