ಮೊದಲು ಗುಂಡು ಹೊಡೆದವನೇ ಸತ್ತ

“ಕಾಕಾ, ಮೊದ್ಲ ಹೊಡ್ದಾಂವ ನಾನ. ಆದ್ರ ಸತ್ತಾಂವನೂ ನಾನ!” ಎಂದು ನಮ್ಮ ತಮ್ಮನ ಮಗ ಮೊಬೈಲನ್ನು ಗೊಬ್ಬರದ ಚೀಲದ ಮೇಲೆ ಒಗೆದು ಎದ್ದು ನಿಂತ. ನಾವು ಮಾಳಿಗೆಯ ಮೇಲೆ ಕುಳಿತಿದ್ದೆವು. ನಮ್ಮೂರಲ್ಲಿ ಸಂಜೆ ನೆಟ್ ಸಿಗಬೇಕಾದರೆ ಮಾಳಿಗೆ ಏರಬೇಕು.

ಹುಡುಗ ಆಡುತ್ತಿದ್ದದ್ದು ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಸರಕಾರ ಪಬ್‌ಜಿಯನ್ನು ನಿಷೇಧಿಸಿದ ಮೇಲೆ, 2021ರ ಜುಲೈಯಲ್ಲಿ ಅದೇ ಆಟ ಈ ಹೊಸ ಹೆಸರಿನಿಂದ ಬಂತು. ನೂರು ಜನ ಒಂದು ನಡುಗಡ್ಡೆಯ ಮೇಲೆ ಇಳಿಯುತ್ತಾರೆ. ನಾಲ್ಕು ನಾಲ್ಕು ಜನರ ಗುಂಪು. ಬಂದೂಕು ಹುಡುಕಿಕೊಂಡು ಒಬ್ಬರನ್ನೊಬ್ಬರು ಹೊಡೆಯಬೇಕು. ಕಡೆಗೆ ಉಳಿದವರು ಗೆದ್ದರು. ಆ ನೂರು ಜನ ಬೇರೆ ಬೇರೆ ಊರಿನಲ್ಲಿ ಕುಳಿತು ಏಕಕಾಲಕ್ಕೆ ಆಡುತ್ತಿರುತ್ತಾರೆ.

ಆ ದಿನ ಹುಡುಗನ ಗುಂಪಿನಲ್ಲಿ ಹೈದರಾಬಾದಿನ ಒಬ್ಬ ತೆಲುಗು ಹುಡುಗನಿದ್ದ. ನಾನು ಕನ್ನಡ, ತೆಲುಗು ಎರಡರಲ್ಲೂ ನಾಲ್ಕು ಪದ್ಯ ಬರೆಯುವವನು. ಆದ್ದರಿಂದ ಆತನ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ನನಗೆ ಬಂತು. “ಅನ್ನಾ, ವೆನಕ ಉನ್ನಾಡು, ವೆನಕ!” ಎಂದು ಫೋನಿನಿಂದ ಕೂಗು ಬಂತು. ಹಿಂದ ಇದ್ದಾನ ನೋಡೋ ಎಂದು ನಾನು ಹೇಳುವುದರೊಳಗೆ ನಮ್ಮ ಹುಡುಗ ನೆಲಕ್ಕೆ ಬಿದ್ದಾಗಿತ್ತು. ಅನುವಾದ ತಡವಾಯಿತೇನೋ ಎಂದು ನನಗೆ ನಾಚಿಕೆಯಾಯಿತು. “ನಿಮ್ದೇನೂ ತಪ್ಪಿಲ್ರಿ ಕಾಕಾ, ಅಂವನ ಮಾತೇ ತಡ ಆಗಿ ಬಂತು. ಪಿಂಗ್ ನೋಡ್ರಿ, ಕೆಂಪ ಆಗ್ಯದ” ಎಂದು ಅವನೇ ಸಮಾಧಾನ ಹೇಳಿದ.

ಪಿಂಗ್ ಎಂದರೆ ನಮ್ಮ ಫೋನಿನಿಂದ ಹೊರಟ ಸುದ್ದಿ ಆಟ ನಡೆಸುವ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಮುಟ್ಟಿ ಮರಳಿ ಬರುವ ಹೊತ್ತು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿಸೆಕೆಂಡ್. ಹುಡುಗನ ಫೋನಿನಲ್ಲಿ ಆಗ 300 ತೋರಿಸುತ್ತಿತ್ತು. ಸೆಕೆಂಡಿನ ಸುಮಾರು ಮೂರನೇ ಒಂದು ಪಾಲು ಅಷ್ಟೇ ಅಲ್ಲವೇ ಎನ್ನಬೇಡಿ. ಓಡುವ ಮನುಷ್ಯ ಅಷ್ಟರೊಳಗೆ ಒಂದು ಮಾರು ದಾಟಿರುತ್ತಾನೆ. ಹುಡುಗ ಹೊಡೆದದ್ದು ವೈರಿ ನಿಂತಿದ್ದ ಜಾಗಕ್ಕೆ. ವೈರಿ ಆಗಲೇ ಅಲ್ಲಿರಲಿಲ್ಲ. ಯಾರು ಮೊದಲು ಹೊಡೆದರು ಎಂಬುದನ್ನು ತೀರ್ಮಾನಿಸುವುದು ಆಡುವವನ ಕಣ್ಣಲ್ಲ, ಸರ್ವರು. ಯಾರ ಮಾತು ಅದಕ್ಕೆ ಮೊದಲು ಮುಟ್ಟಿತೋ ಅವನೇ ಬದುಕಿದ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಬರುವಷ್ಟು ಲೆಕ್ಕ ಮಾಡಿ ನೋಡಿದೆ. ಸರ್ವರು ಮುಂಬೈಯಲ್ಲಿದೆ ಎಂದುಕೊಳ್ಳೋಣ. ಉಮರ್ಗಾದಿಂದ ಮುಂಬೈಗೆ ರಸ್ತೆಯ ಮೇಲೆ ಸುಮಾರು 500 ಕಿ.ಮೀ. ಗಾಜಿನ ಎಳೆಯ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಕೇಬಲ್ಲು ಎಷ್ಟೇ ಸುತ್ತಿ ಬಳಸಿ ಹೋಗಿ ಸಾವಿರ ಕಿ.ಮೀ. ಆದರೂ, ಹೋಗಿ ಬರಲು 2 ಸಾವಿರ ಕಿ.ಮೀ. ಅದಕ್ಕೆ ಬೇಕಾದದ್ದು ಬರೀ 10 ಮಿಲಿಸೆಕೆಂಡ್. ಹಾಗಾದರೆ ಮಿಕ್ಕ 290 ಎಲ್ಲಿ ಹೋಯಿತು?

ಅದು ಹೋದದ್ದು ದಾರಿಯಲ್ಲಲ್ಲ, ಪಾಳಿಯಲ್ಲಿ. ಸೋಯಾ ತುಂಬಿದ ಟ್ರ್ಯಾಕ್ಟರನ್ನು ಲಾತೂರ ಬಜಾರಕ್ಕೆ ಒಯ್ದವರಿಗೆ ಇದು ಗೊತ್ತಿರುವ ಸಂಗತಿ. ದಾರಿ ಮೂರು ತಾಸಿನದು. ಗೇಟಿನ ಮುಂದೆ ನಿಲ್ಲುವುದು ಇಡೀ ರಾತ್ರಿ. ಫೋನಿನದೂ ಅದೇ ಕತೆ. ನಾಲ್ಕಾರು ಹಳ್ಳಿಗೆ ಒಂದು ಟವರು. ಸಂಜೆ ಎಲ್ಲರೂ ಹೊಲದಿಂದ ಮನೆಗೆ ಬಂದು ಫೋನು ಹಿಡಿಯುತ್ತಾರೆ. ಸಿಗ್ನಲ್ ಸೊರಗಿದರೆ ಕಳಿಸಿದ್ದನ್ನೇ ಫೋನು ಮತ್ತೆ ಮತ್ತೆ ಕಳಿಸಬೇಕು. ಟವರಿನಿಂದ ಮುಂದಿನ ದಾರಿ ಇಕ್ಕಟ್ಟಾಗಿದ್ದರೆ ಅಲ್ಲಿಯೂ ಪಾಳಿ. ಹೆದ್ದಾರಿಯ ಮೇಲಿರುವ ಉಮರ್ಗಾ ಪೇಟೆಯಲ್ಲಿ ಇದೇ ಆಟ ಸರಾಗವಾಗಿ ನಡೆಯುವುದನ್ನು ನಾನೇ ನೋಡಿದ್ದೇನೆ. ಅಲ್ಲಿಂದ ಒಳಗಿನ ಹಳ್ಳಿಗೆ ಬಂದರೆ ಕೆಂಪು ಅಂಕಿ. ಮುಂಬೈ ಎರಡಕ್ಕೂ ಅಷ್ಟೇ ದೂರ.

ಗಡಿಗೆ ಇನ್ನೊಂದು ಪೀಡೆಯುಂಟು. ದೂರವಾಣಿಯ ಲೆಕ್ಕದಲ್ಲಿ ಉಮರ್ಗಾ, ನಿಲಂಗಾ, ಉದಗೀರ ಮೂರೂ ಮಹಾರಾಷ್ಟ್ರ ಸರ್ಕಲ್ಲು. ಬಸವಕಲ್ಯಾಣ, ಭಾಲ್ಕಿ, ಔರಾದ ಕರ್ನಾಟಕ ಸರ್ಕಲ್ಲು. ನಿಲಂಗಾ ತಾಲ್ಲೂಕಿನ ಔರಾದ ಶಹಾಜಾನಿಯ ಆಚೆ, ಉದಗೀರದಿಂದ ಕಮಲನಗರದ ಕಡೆಗೆ ಹೋಗುವ ದಾರಿಯಲ್ಲಿ, ಕುಳಿತಲ್ಲೇ ಕುಳಿತ ಫೋನು ಒಮ್ಮೆ ಈ ರಾಜ್ಯದ ಟವರು ಹಿಡಿಯುತ್ತದೆ, ಒಮ್ಮೆ ಆ ರಾಜ್ಯದ್ದು. ‘ಕರ್ನಾಟಕಕ್ಕೆ ಸ್ವಾಗತ’ ಎಂದು ಸಂದೇಶ ಬರುತ್ತದೆ. ಸ್ವಾಗತ ಆಗುವ ಹೊತ್ತಿಗೆ ಇತ್ತ ಆಟ ನಿಂತಿರುತ್ತದೆ. 1956ರ ನವೆಂಬರ್ 1ರ ತನಕ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳು. ಹಳೆಯ ಗಡಿ ವಿವಾದವನ್ನು ಕೆದಕುವುದು ನನ್ನ ಉದ್ದೇಶವಲ್ಲ. ನೆಲದ ಮೇಲೆ ಎಳೆದ ಗೆರೆ ಗಾಳಿಯಲ್ಲಿಯೂ ನಿಂತಿದೆ ಎಂದಷ್ಟೇ ಹೇಳುತ್ತಿದ್ದೇನೆ. ಎರಡೂ ಕಡೆಯವರಿಗೆ ಗಡಿ ಎಂದರೆ ತಮ್ಮ ನಕ್ಷೆಯ ಅಂಚು. ಅಂಚಿಗೆ ಟವರು ಹಾಕುವ ಪಾಳಿ ಕಟ್ಟಕಡೆಗೆ ಬರುತ್ತದೆ.

“ಆಟ ತಡವಾದರೆ ಯಾರ ಗಂಟು ಹೋಯಿತು? ಹುಡುಗರು ಕೆಡುವುದು ತಪ್ಪಿತು, ಛಲೋನೇ ಆಯ್ತು” ಎಂದು ನನ್ನ ಓರಗೆಯವರು ಅನ್ನುತ್ತಾರೆ. ರಾತ್ರಿಯಿಡೀ ಆಡುವುದು ನನಗೂ ಸೇರದು. ಆ ಹುಡುಗನನ್ನು ಎಷ್ಟೋ ಸಲ ಬೈದಿದ್ದೇನೆ. ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದ್ದು ಸರಿಯಾದ ಕೆಲಸ. ಆದರೆ ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಉತ್ತೇಜನ ಕೊಡುವ ಮಾತನ್ನೂ ಆಡಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥ ಆಟಗಳಿಗೆ ಪದಕ ಕೊಟ್ಟರು. ಪುಣೆಯ ಹುಡುಗನಿಗೆ ಅದು ಕ್ರೀಡೆ, ನಮ್ಮ ಹುಡುಗನಿಗೆ ಚಟ ಎಂದರೆ ಹೇಗೆ? ಮೈದಾನ ಒಬ್ಬನಿಗೆ ಸಮ, ಇನ್ನೊಬ್ಬನಿಗೆ ಏರು.

ಇನ್ನೊಂದು ಮಾತು. ಆಟ ಹೋಗುವ ದಾರಿಯಲ್ಲೇ ಸಿಡಿಲಿನ ಸುದ್ದಿಯೂ ಬರಬೇಕು. 20, 40 ಕಿ.ಮೀ. ಒಳಗೆ ಸಿಡಿಲಿದ್ದರೆ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಎಂಬ ಆ್ಯಪನ್ನು ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಆ ಸುದ್ದಿ ಹೊಲ ಮುಟ್ಟಲು ಇದೇ ಟವರನ್ನು ದಾಟಬೇಕು. ಹಿಂದಿನ ಒಂದು ಬಿತ್ತನೆಯ ಕಾಲಕ್ಕೆ ನಮ್ಮ ಪಕ್ಕದ ಹೊಲದವರ ದೇವಣಿ ಎತ್ತು ಬೇವಿನ ಗಿಡದ ಕೆಳಗೆ ಸಿಡಿಲಿಗೆ ಸತ್ತಿತು. ಮನುಷ್ಯ ಸ್ವಲ್ಪದರಲ್ಲಿ ಉಳಿದ. ಮಳೆ ನಿಂತು, ಸಿಗ್ನಲ್ ಬಂದು, ಎಲ್ಲರೂ ಎತ್ತಿನ ಸುತ್ತ ನಿಂತಿರುವಾಗ ಯಾರದೋ ಕಿಸೆಯಲ್ಲಿ ಫೋನು ಕಿಣಿ ಕಿಣಿ ಎಂದಿತು. ಸಿಡಿಲು ಬೀಳಬಹುದು, ಗಿಡದ ಕೆಳಗೆ ನಿಲ್ಲಬೇಡಿರಿ ಎಂದಿತ್ತು. ಒಬ್ಬರೂ ಮಾತಾಡಲಿಲ್ಲ. ಆಟದಲ್ಲಿ ಸತ್ತವನು ಮತ್ತೊಂದು ಆಟಕ್ಕೆ ಎದ್ದು ಬರುತ್ತಾನೆ. ಎತ್ತು ಏಳಲಿಲ್ಲ.

ಮಾಡಬೇಕಾದದ್ದೇನು? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಸೇವೆಯ ಗುಣಮಟ್ಟಕ್ಕೆ ಹೊಸ ನಿಯಮ ತಂದಿದೆ. ಸಿಗ್ನಲ್ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸಬೇಕೆಂದು ಅದರಲ್ಲಿದೆ. ವಿಳಂಬದ ಅಳತೆಯೂ ಇದೆ. ಆದರೆ ಅಳೆಯುವುದು ಇಡೀ ಸರ್ಕಲ್ಲಿನ ಲೆಕ್ಕದಲ್ಲಿ. ಮಹಾರಾಷ್ಟ್ರ ಸರ್ಕಲ್ಲು ಎಂದರೆ ಪುಣೆ, ನಾಗಪುರ, ಗೋವಾ ಎಲ್ಲವೂ ಅದರೊಳಗೆ. ಆ ಸರಾಸರಿಯಲ್ಲಿ ನಮ್ಮ ಹಳ್ಳಿ ಮುಳುಗಿಹೋಗುತ್ತದೆ. ಊರೆಲ್ಲ ಉಂಡಿತು ಎಂದು ಬರೆದರೆ ಕಡೆಯ ಮನೆಯವನ ಹೊಟ್ಟೆ ತುಂಬೀತೇ?

ಆದ್ದರಿಂದ ನನ್ನ ಕೇಳಿಕೆ ಇಷ್ಟೇ. ಗಡಿ ತಾಲ್ಲೂಕುಗಳ ವಿಳಂಬವನ್ನು ತಾಲ್ಲೂಕುವಾರು, ಅದೂ ಸಂಜೆಯ ಹೊತ್ತಿನಲ್ಲಿ ಅಳೆದು ಜನರಿಗೆ ತಿಳಿಸಲಿ. ಎರಡು ಸರ್ಕಲ್ಲು ಕೂಡುವಲ್ಲಿ ಎರಡೂ ಕಡೆಯ ಎಂಜಿನಿಯರರು ಒಂದು ದಿನ ಒಟ್ಟಿಗೆ ಕುಳಿತು, ಯಾವ ಹಳ್ಳಿಗೆ ಯಾವ ಟವರು ಎಂದು ಗೊತ್ತುಮಾಡಲಿ. ಹಳ್ಳಿಯ ಟವರಿಗೆ ಗಟ್ಟಿಯಾದ ಕೇಬಲ್ಲು ಬರಲಿ, ಕರೆಂಟು ಹೋದಾಗ ನಡೆಯುವಷ್ಟು ಬ್ಯಾಟರಿ ಇರಲಿ. ಬೀದರ, ಕಲಬುರಗಿ, ಲಾತೂರ, ಧಾರಾಶಿವ ಜಿಲ್ಲೆಗಳ ಜನಪ್ರತಿನಿಧಿಗಳು ಭಾಷೆಯ ಹಂಗಿಲ್ಲದೆ ಕೂಡಿ ಕೇಳಬಹುದಾದ ಬೇಡಿಕೆ ಇದು.

ನಮ್ಮ ಹುಡುಗ ಆಟದಲ್ಲಿ ಗೆಲ್ಲಲೇಬೇಕೆಂದು ನಾನು ಹಟ ಹಿಡಿದಿಲ್ಲ. ಸೋಲಲಿ. ಆದರೆ ತನ್ನ ಕೈ ತಪ್ಪಿ ಸೋಲಲಿ. ಗಡಿಯಲ್ಲಿ ಹುಟ್ಟಿದ್ದಕ್ಕೆ ಸೋಲುವುದು ಬೇಡ. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ; ಅವರ ಉತ್ತರವಾದರೂ ನಮಗೆ ತಡವಿಲ್ಲದೆ ಮುಟ್ಟಲಿ.