ಬೆಂಗಳೂರಿನ ಪಗಾರ, ಜಿಡಗಾದ ಜೋಳ

ಹಬ್ಬ, ಜಾತ್ರೆ ಮುಗಿದ ಮಾರನೆಯ ಸಂಜೆ ಆಳಂದದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಜಿಡಗಾದಿಂದ, ಸುತ್ತಲಿನ ಹಳ್ಳಿ ತಾಂಡಾಗಳಿಂದ ಬಂದ ಮಂದಿ ಕಲಬುರಗಿಗೆ, ಅಲ್ಲಿಂದ ಬೆಂಗಳೂರಿಗೆ ಹೊರಟಿರುತ್ತಾರೆ. ಪ್ರತಿ ಸಂಸಾರದ ಕಾಲ ಬಳಿ ಒಂದು ಚೀಲ. ಯೂರಿಯಾ ಚೀಲವನ್ನು ತೊಳೆದು ಒಣಗಿಸಿ, ಬಾಯಿಗೆ ಸುತಳಿ ಹಾಕಿ ಹೊಲಿದದ್ದು. ಒಳಗೆ ಜೋಳ, ತೊಗರಿ ಬೇಳೆಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಖಾರದ ಪುಡಿ. ಹಿಟ್ಟು ಒಯ್ದರೆ ಹುಳ ಬೀಳುತ್ತದೆಂದು ಅನುಭವಸ್ಥರು ಕಾಳನ್ನೇ ಒಯ್ದು ಅಲ್ಲಿ ಗಿರಣಿ ಹುಡುಕುತ್ತಾರೆ. ಬೆಂಗಳೂರಿನಲ್ಲಿ ಜೋಳ ಸಿಗುವುದಿಲ್ಲವೇ ಎಂದು ಒಬ್ಬ ಹೆಣ್ಣುಮಗಳನ್ನು ಕೇಳಿದೆ. "ಸಿಗ್ತದ್ರಿ. ಅಲ್ಲಿ ಕೊಂಡು ತಿಂದ್ರ ಪಗಾರದಾಗ ಏನ್ ಉಳೀತದ?" ಅಂದಳು.

ಇಷ್ಟು ಕಡಿಮೆ ಕೂಲಿಯಲ್ಲಿ ಬಡವರು ಅಷ್ಟು ದುಬಾರಿ ಊರಿನಲ್ಲಿ ಹೇಗೆ ಬದುಕುತ್ತಾರೆ ಎಂದು ಬೆರಗಾಗುವವರಿಗೆ ಉತ್ತರ ಆ ಚೀಲದಲ್ಲಿದೆ. ಬೆಂಗಳೂರು ಕೊಡಬೇಕಾದ ಕೂಲಿಯ ಒಂದು ಪಾಲನ್ನು ಜಿಡಗಾ ಕೊಡುತ್ತಿದೆ. ಕಾಳಿನ ರೂಪದಲ್ಲಿ ಕೊಡುತ್ತಿದೆ, ಮಕ್ಕಳನ್ನು ಸಾಕುವ ಅಜ್ಜಿಯರ ದುಡಿಮೆಯ ರೂಪದಲ್ಲಿ ಕೊಡುತ್ತಿದೆ. ಬಿದ್ದು ಕಾಲು ಮುರಿದುಕೊಂಡು ಬಂದವನನ್ನು ಆರು ತಿಂಗಳು ಕೂರಿಸಿ ಉಣ್ಣಿಸುವುದೂ ಈ ಊರೇ.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನದ ಕರಡು ಹೊರಡಿಸಿತು. ಬೆಂಗಳೂರು ಸೇರಿದ ವಲಯದಲ್ಲಿ ಕೌಶಲರಹಿತ ಕಾರ್ಮಿಕರಿಗೆ ತಿಂಗಳಿಗೆ 23,376 ರೂಪಾಯಿ. ನಮ್ಮಂಥ ಊರುಗಳ ಮೂರನೆಯ ವಲಯದಲ್ಲಿ 19,319. ಉದ್ಯಮಿಗಳ ಸಂಘಟನೆಗಳು ಕೂಡಲೇ ಆಕ್ಷೇಪ ಎತ್ತಿದವು. ಇಷ್ಟು ಪಗಾರ ಕೊಟ್ಟರೆ ಸಣ್ಣ ಕೈಗಾರಿಕೆ ಮುಚ್ಚುತ್ತದೆ, ಬಂಡವಾಳ ನೆರೆ ರಾಜ್ಯಕ್ಕೆ ಹೋಗುತ್ತದೆ ಎಂದವು. ಸಣ್ಣ ಕಾರ್ಖಾನೆಯವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಉಳಿಯಲು ನೆರವು ಬೇಕಿದ್ದರೆ ಅವರು ಅದನ್ನು ಸರ್ಕಾರದಿಂದ ಕೇಳಲಿ. ಎರಡೆಕರೆ ಒಣ ಬೇಸಾಯದ ಮನೆಯಿಂದ, ಅದರ ಒಪ್ಪಿಗೆಯನ್ನೂ ಕೇಳದೆ, ಪ್ರತಿ ತಿಂಗಳು ಆ ನೆರವು ವಸೂಲಿ ಮಾಡುವುದು ಅನ್ಯಾಯ.

ಕರಡಿನ ಆ ಅಂಕಿ ಆಕಾಶದಿಂದ ಬಿದ್ದದ್ದೂ ಅಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಲೆಕ್ಕ ಹಾಕಿಕೊಟ್ಟಿತು: ಒಬ್ಬ ದುಡಿಯುವವನಿಗೆ ಮೂರು ಘಟಕಗಳ ಸಂಸಾರ, ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವಕ್ಕೆಂದು ಶೇ 25 ಸೇರಿಸಿತು. ಬರೀ ಬದುಕಿ ಉಳಿಯುವ ಲೆಕ್ಕ ಇದು. ಇದರಲ್ಲಿ ಐಷಾರಾಮ ಎಲ್ಲಿದೆ?

ಮೂರು ಘಟಕ ಎಂದರೆ ದುಡಿಯುವವನು ಒಂದು, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಅಲ್ಲಿಗೆ ಮುಗಿಯಿತು, ಅವನ ತಾಯಿ ಲೆಕ್ಕದಲ್ಲಿಲ್ಲ. ಆ ಇಬ್ಬರು ಮಕ್ಕಳನ್ನು ಜಿಡಗಾದಲ್ಲಿ ಬೆಳಿಗ್ಗೆ ಎಬ್ಬಿಸಿ, ರೊಟ್ಟಿ ಬಡಿದು ಉಣಿಸಿ, ಶಾಲೆಗೆ ಅಟ್ಟುವವಳು ಆ ತಾಯಿಯೇ. ಶಾಲೆಯ ಸಭೆಗೆ ಅಪ್ಪ ಅವ್ವನ ಬದಲು ಬಂದು, ಹೆಬ್ಬೆಟ್ಟು ಒತ್ತಿ, ಮೂಲೆಯಲ್ಲಿ ಸೆರಗು ಹೊದ್ದು ಕೂರುವ ಅಜ್ಜಿಯರನ್ನು ನಾನು ನೋಡುತ್ತಲೇ ಬಂದಿದ್ದೇನೆ. ಬೆಂಗಳೂರಿನ ಕಟ್ಟಡಗಳು ಅವರ ಸೊಂಟದ ಮೇಲೂ ನಿಂತಿವೆ.

ಇನ್ನು ಸೂರು. ಕಟ್ಟಡ ಕಾರ್ಮಿಕರ 1996ರ ಕಾನೂನಿನ 34ನೇ ಕಲಮು ಸ್ಪಷ್ಟವಾಗಿತ್ತು: ಕೆಲಸದ ಜಾಗದಲ್ಲೋ ಸಮೀಪದಲ್ಲೋ ಮಾಲೀಕನೇ ಪುಕ್ಕಟೆಯಾಗಿ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಬೇರೆ ಬೇರೆ ಏರ್ಪಾಡು ಇರಬೇಕು. ನಮ್ಮವರಿಗೆ ಸಿಕ್ಕಿದ್ದು ತಗಡಿನ ಶೆಡ್ಡು. ಅದೂ ಎಲ್ಲರಿಗೂ ಇಲ್ಲ. ಉಳಿದವರು ಖಾಲಿ ನಿವೇಶನದಲ್ಲಿ ನೀಲಿ ತಾಡಪತ್ರಿ ಕಟ್ಟಿ, ಜಾಗದವನಿಗೆ ತಿಂಗಳ ಬಾಡಿಗೆ ಕೊಟ್ಟು, ನೀರಿನ ಟ್ಯಾಂಕರಿಗೆ ಬೇರೆ ದುಡ್ಡು ಕೊಟ್ಟು ಇರುತ್ತಾರೆ. ಮಾರ್ಚ್ ತಿಂಗಳಲ್ಲಿ ಹಗಲು ಆ ತಗಡಿಗೆ ಕೈ ತಾಗಿಸಿ ನೋಡಬೇಕು. ಬಾಣಂತಿಯೊಬ್ಬಳು ಹಸಿ ಗೋಣಿಚೀಲವನ್ನು ಒಳಗೆ ತೂಗುಹಾಕಿ ಅದರ ತಂಪಿನಲ್ಲಿ ಕೂಸು ಮಲಗಿಸಿದ್ದನ್ನು ಕಂಡಿದ್ದೇನೆ.

ಆ ತಾಡಪತ್ರಿಯೂ ಉಳಿಯುವ ಖಾತರಿಯಿಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಗುಡಿಸಲುಗಳನ್ನು, ಅಲ್ಲಿರುವವರು ಬಾಂಗ್ಲಾದೇಶಿಗಳು ಎಂಬ ಗುಲ್ಲಿನ ಬೆನ್ನಲ್ಲೇ ಕೆಡವಿದರು. ಅಲ್ಲಿ ಈಶಾನ್ಯ ರಾಜ್ಯಗಳವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡ ಮಾತಾಡುವ ಕನ್ನಡಿಗ ಕನ್ನಡ ನಾಡಿನ ರಾಜಧಾನಿಯಲ್ಲಿ ಗುರುತಿನ ಚೀಟಿ ಹಿಡಿದು ನಿಲ್ಲಬೇಕಾಯಿತು. ಆ ತೆರವು ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳಿದ್ದು ಗುಡಿಸಲು ಹೋದ ಮೇಲೆ.

ಅದಾಗಿ ನಾಲ್ಕು ತಿಂಗಳಿಗೆ, ಕೊರೊನಾ ಲಾಕ್‌ಡೌನಿನ ನಡುವೆ, ಅದೇ ನಗರಕ್ಕೆ ಅದೇ ಜನ ಬೇಕಾದರು. ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಮೇಲೆ, ಹೊರರಾಜ್ಯದ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ಶ್ರಮಿಕ ರೈಲುಗಳನ್ನು ಸರ್ಕಾರ ರದ್ದು ಮಾಡಿತು. ದೇಶವೆಲ್ಲ ಉಗಿದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಿಸಬೇಕಾಯಿತು. ಇವರು ಹೋದರೆ ಕಟ್ಟಡ ಏಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ. ಆ ಗೊತ್ತಿರುವುದು ಬಟವಡೆಯ ದಿನ ಮಾತ್ರ ಮರೆತುಹೋಗುತ್ತದೆ.

ಇನ್ನೊಂದು ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಜಿಡಗಾದವನು ಗುತ್ತೇದಾರನ ಕೂಡ ಪಕ್ಕದ ಸೊಲ್ಲಾಪುರಕ್ಕೆ ದುಡಿಯಲು ಹೋದರೆ ಅವನು ಅಂತರರಾಜ್ಯ ವಲಸೆ ಕಾರ್ಮಿಕ. ಅವನಿಗೆ ಪ್ರಯಾಣ ಭತ್ಯೆ ಕೊಡಬೇಕು ಎಂದು 1979ರ ಕಾನೂನೇ ಹೇಳಿತ್ತು. ಅದೇ ಮನುಷ್ಯ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋದರೆ ಆ ಕಾನೂನಿನ ಕಣ್ಣಿಗೆ ವಲಸೆಗಾರನೇ ಆಗಿರಲಿಲ್ಲ, ಏಕೆಂದರೆ ರಾಜ್ಯದ ಗಡಿ ದಾಟಿಲ್ಲ. ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿ ತಂದ ಹೊಸ ಸಂಹಿತೆಯಲ್ಲೂ ವ್ಯಾಖ್ಯಾನ ರಾಜ್ಯದ ಗಡಿಗೇ ಅಂಟಿಕೊಂಡಿದೆ. ಆಳಂದ, ಅಫಜಲಪುರ, ಜೇವರ್ಗಿಯಿಂದ ಪ್ರತಿ ವರ್ಷ ಗುಳೆ ಹೋಗುವವರನ್ನು ಎಣಿಸುವ ಹೊಣೆ ಹೀಗೆ ಯಾರ ಮೇಲೂ ಬೀಳುವುದಿಲ್ಲ.

ಊರಲ್ಲೇ ಇರಬಾರದೇಕೆ ಎನ್ನುವವರಿಗೆ ಒಂದು ಲೆಕ್ಕ. 2025–26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 370 ರೂಪಾಯಿ. ನೂರು ದಿನವೂ ಕೆಲಸ ಸಿಕ್ಕಿತು ಎಂದುಕೊಂಡರೂ ವರ್ಷಕ್ಕೆ 37,000. ಅದೇ ವರ್ಷ ರಾಜ್ಯ ಸರ್ಕಾರ ನಮ್ಮ ವಲಯಕ್ಕೆ ಕನಿಷ್ಠ ಎಂದು ಕರಡಿನಲ್ಲಿ ಬರೆದ ಪಗಾರದಲ್ಲಿ ಅದು ಎರಡು ತಿಂಗಳದ್ದೂ ಆಗುವುದಿಲ್ಲ. ತೊಗರಿಗೆ ಜಿಐ ಮಾನ್ಯತೆ ಬಂತು, ಹೆಮ್ಮೆಯೇ. ಆದರೆ ನೆಟೆ ರೋಗ ಬಿದ್ದ ವರ್ಷ ಆ ಮಾನ್ಯತೆಯಿಂದ ಸಾಲ ತೀರುವುದಿಲ್ಲ.

ಇಂದಿರಾ ಕ್ಯಾಂಟೀನಿನ ಐದು ರೂಪಾಯಿ ನಾಷ್ಟಾ, ಶಕ್ತಿ ಯೋಜನೆಯ ಬಸ್ಸು ನಮ್ಮವರಿಗೆ ನಿಜವಾಗಿ ಆಸರೆಯಾಗಿವೆ. ಅವನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರ ಜೊತೆ ನನ್ನ ಜಗಳ ಇದ್ದೇ ಇದೆ. ಆದರೆ ಆ ಆಸರೆಯನ್ನು ತೋರಿಸಿ ಪಗಾರ ಕಡಿಮೆ ಇಡಲು ಬಿಡಬಾರದು.

ನಾನು ಕೇಳುವುದು ಇಷ್ಟು. ಕರಡಿನ ಅಂಕಿಯನ್ನು ಒಂದು ರೂಪಾಯಿಯೂ ಇಳಿಸಬೇಡಿ, ಊರಲ್ಲಿ ಉಳಿದ ತಂದೆ ತಾಯಿಯನ್ನೂ ಘಟಕದಲ್ಲಿ ಸೇರಿಸಿ. ದೊಡ್ಡ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವ ಮೊದಲು, ಅದನ್ನು ಕಟ್ಟುವವರು ಎಲ್ಲಿ ಮಲಗುತ್ತಾರೆ, ಅವರ ಕೂಸುಗಳು ಎಲ್ಲಿರುತ್ತವೆ, ಶೌಚಾಲಯ ಎಲ್ಲಿದೆ ಎಂಬುದನ್ನು ಅದೇ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಲು ಹೇಳಿ. ಕಾರು ನಿಲ್ಲಿಸುವ ಜಾಗವನ್ನು ಇಂಚು ಇಂಚು ಅಳೆದು ಕೇಳುವ ಕಚೇರಿಗೆ ಇದೂ ಕಷ್ಟವಾಗಲಾರದು.