ತಿನ್ನತಕ್ಕ ಹೊದಿಕೆಯೂ ಅದರೊಳಗಣ ಜೀವಾಣುಗಳೂ

ಆಹಾರದೊಡನೆಯೇ ತಿನ್ನಬಹುದಾದ ತೆಳುಪೊರೆಗಳಲ್ಲಿ ಹಿತಕರವಾದ ಜೀವಾಣುಗಳನ್ನು ಸೇರಿಸಿ, ಹಣ್ಣಿನ ಹೋಳು, ಬ್ರೆಡ್ಡು ಮೊದಲಾದವುಗಳಿಗೆ ಹೊದಿಸುವ ಕ್ರಮವು ಪ್ರಯೋಗಶಾಲೆಗಳಲ್ಲಿ ಪರಿಶೀಲಿಸಲ್ಪಡುತ್ತಿದೆ. ಮಾರ್ಗವು ಸಾಧುವಾದುದೇ. ಆದರೆ ಇದರಿಂದ ಶೀತಗೃಹವೂ ಶುಚಿತ್ವವೂ ಅನಾವಶ್ಯಕವಾಗುವುವೆಂದು ನಂಬಿ ಹಣ ಹೂಡುವ ತೋಟಗಾರನು ನಷ್ಟಕ್ಕೆ ಗುರಿಯಾಗುವನು.

ಈ ಪೊರೆಯು ಪಿಷ್ಟ, ಸಮುದ್ರದ ಪಾಚಿಯಿಂದ ತೆಗೆಯುವ ಆಲ್ಜಿನೇಟು, ಹಾಲಿನ ಪ್ರೋಟೀನು ಮುಂತಾದ ಪದಾರ್ಥಗಳಿಂದ ಆಗತಕ್ಕುದು. ಬಿರಿಯದಂತಿರಲು ಗ್ಲಿಸರಿನ್ನನ್ನು ಬೆರೆಸುವುದುಂಟು. ಇದರಲ್ಲಿ ಸೇರಿಸುವ ಲ್ಯಾಕ್ಟೋಬ್ಯಾಸಿಲಸ್ ಮೊದಲಾದ ಜೀವಾಣುಗಳು ಹುಳಿದ್ರವ್ಯವನ್ನುಂಟುಮಾಡಿ, ಆಹಾರವನ್ನು ಕೆಡಿಸುವ ಇತರ ಜೀವಾಣುಗಳ ಬೆಳವಣಿಗೆಯನ್ನು ತಕ್ಕಮಟ್ಟಿಗೆ ತಡೆಯಬಲ್ಲವು.

ಪರಂಗಿ ಮತ್ತು ಸೇಬಿನ ಹೋಳುಗಳಿಗೆ ಬಿಫಿಡೋಬ್ಯಾಕ್ಟೀರಿಯಂ ಸೇರಿದ ಲೇಪವನ್ನು ಕೊಟ್ಟು ನಡೆಯಿಸಿದ ಪರೀಕ್ಷೆಯೊಂದು 2007ರಲ್ಲಿ ಪ್ರಕಟವಾಯಿತು. ಶೀತದಲ್ಲಿಟ್ಟ ಹೋಳುಗಳಲ್ಲಿ 10 ದಿನಗಳವರೆಗೂ ಗ್ರಾಮೊಂದಕ್ಕೆ 10 ಲಕ್ಷಕ್ಕೆ ಮೇಲ್ಪಟ್ಟು ಜೀವಾಣುಗಳು ಬದುಕಿದ್ದುವು. ಭಾರತದ 2016ರ ಆಹಾರ ನಿಯಮಗಳು ಇಂಥ ಆಹಾರದ ದಿನವೊಂದರ ಪ್ರಮಾಣದಲ್ಲಿ ಸಾಮಾನ್ಯವಾಗಿ 10 ಕೋಟಿ ಸಜೀವ ಜೀವಾಣುಗಳಿರಬೇಕೆಂದು ವಿಧಿಸಿದುವು. ಈ ಲೆಕ್ಕದಂತೆ 100 ಗ್ರಾಂ ಹೋಳುಗಳು ಸಾಕು. ಆದರೆ ಸಾಗಣೆಯ ಸೆಕೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸತ್ತರೆ, ಅದೇ ಫಲಕ್ಕೆ ಒಂದು ಕಿಲೋಗ್ರಾಂ ತಿನ್ನಬೇಕಾಗುವುದು! ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದೆಂಬುದನ್ನು ಅರಿಯದ ಮನೆಯಿಲ್ಲ; ಇಲ್ಲಿಯೂ ಅದೇ ನ್ಯಾಯವು ಸಲ್ಲುತ್ತದೆ.

ಇದಲ್ಲದೆ, ಇಂಥ ಪೊರೆಗಳಲ್ಲಿ ಹೆಚ್ಚಿನವು ತೇವಕ್ಕೆ ಮೆತ್ತಗಾಗುವುವು. ತಿನ್ನತಕ್ಕ ಪೊರೆಗೆ ಧೂಳೂ ಕೈಕೊಳೆಯೂ ತಗಲದಂತೆ ಹೊರಗಡೆ ಮತ್ತೊಂದು ಹೊದಿಕೆ ಬೇಕೇಬೇಕು. ಹಾಲು ಒಗ್ಗದವರ ಹಿತಕ್ಕಾಗಿ, ಪೊರೆಯಲ್ಲಿ ಹಾಲಿನ ಅಂಶವಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯುವುದೂ ಅವಶ್ಯಕ.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ಕೊಯ್ಲಿನ ಎಚ್ಚರ, ವಿಂಗಡಣೆ, ಶುದ್ಧವಾದ ನೀರು, ಶೀತಗೃಹ ಇವುಗಳನ್ನು ಏರ್ಪಡಿಸಿಕೊಳ್ಳುವುದು ಯುಕ್ತ. ಇವು ಹೊದಿಕೆಯಿಲ್ಲದಿದ್ದರೂ ಫಲ ಕೊಡುವುವು. ಇವಿಲ್ಲದೆ ಹೊದಿಕೆಯು ಫಲಕಾರಿಯಾಗದು. ಬಳಿಕ ಒಬ್ಬೊಬ್ಬರೇ ವೆಚ್ಚಕ್ಕೆ ಕೈಹಾಕದೆ, ಸಹಕಾರ ಸಂಘದ ಮೂಲಕ, 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಂಥ ಸಂಸ್ಥೆಯ ಸಲಹೆ ಪಡೆದು, ಸ್ವಲ್ಪ ಸರಕಿನಲ್ಲಿ ಪರೀಕ್ಷಿಸಿ ನೋಡಬೇಕು. ಪೊರೆಯನ್ನು ಮಾರಲು ಬರುವವನನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ಯಾವ ಜೀವಾಣು? ಮಾರಾಟದ ಕೊನೆಯ ದಿನ ಎಷ್ಟು ಬದುಕಿರುವುವು? ಎಷ್ಟು ಉಷ್ಣದಲ್ಲಿ? ಬರೆಹದಲ್ಲಿ ಉತ್ತರ ಕೊಡದವನಿಗೆ ಹಣ ಕೊಡುವುದು ವಿವೇಕವಲ್ಲ.